ಚಾಂದನಿ ಯಾರ ಆಕಳು

11 ನವೆಂಬರ್, ಮಂಗಳವಾರ. ರೈಲಿನಲ್ಲಿ, ಬೆಳಿಗ್ಗೆ

ಮತ್ತೆ ಕಿಟಕಿ ಸೀಟು. ಮತ್ತೆ ಮಂಜು. ಭಾಲ್ಕಿ ದಾಟಿದರೆ ಸಾಕು, ಹೊಲಗಳೆಲ್ಲ ನಿದ್ದೆಗಣ್ಣಿನಲ್ಲಿರುತ್ತವೆ, ನಾನೂ. ತೊಗರಿ ಹೂ ಬಿಟ್ಟಿದೆ. ಹಳದಿ ಬಣ್ಣ ಮಂಜಿನಲ್ಲಿ ಕರಗಿ ಎಲ್ಲಿ ಹೊಲ ಮುಗಿಯಿತು, ಎಲ್ಲಿ ಆಕಾಶ ಶುರುವಾಯಿತು ಗೊತ್ತಾಗುತ್ತಿಲ್ಲ. ಗೊತ್ತಾಗಿ ಆಗಬೇಕಾದ್ದೂ ಏನಿಲ್ಲ.

ತೊಡೆಯ ಮೇಲೆ ಲ್ಯಾಪ್‌ಟಾಪ್. ಔರಾದ ಸಂಘದ ಸೈಟು ತೆವಳುತ್ತಿದೆ ಎಂದು ನಿನ್ನೆಯಿಂದ ನಮ್ಮ ಬೀದರ ಆಫೀಸಿನ ಒವೈಸ ಸರ್ ಗೊಣಗುತ್ತಿದ್ದಾರೆ. ದೇವಣಿ ತಳಿಯ ಆಕಳು ಸಾಕುವವರ ಸಂಘ. ಊರಿನ ಒಂದೊಂದು ದೇವಣಿ ಆಕಳಿಗೂ ಒಂದು ಪುಟ, ಒಂದು ಪ್ರಮಾಣಪತ್ರ. ಪಟ್ಟಿ ತೆರೆದರೆ ಪೇಜು ಬರುವಷ್ಟರಲ್ಲಿ ಚಹಾ ಕುಡಿದು ಬರಬಹುದು.

ಕಾರಣ ಸಿಕ್ಕಿತು. ಕಾರಣ ನಾನೇ. ಆಕಳುಗಳನ್ನೆಲ್ಲ ಮೊದಲು ತರಿಸಿಕೊಂಡು, ಆಮೇಲೆ ಒಂದೊಂದರ ಹಿಂದೆಯೂ 'ನಿನ್ನ ಮನೆ ಯಾವುದು' ಎಂದು ಬೇರೆ ಬೇರೆ ಕ್ವೆರಿ ಓಡಿಸುತ್ತಿದ್ದೆ. ಅವ್ವ ನನ್ನನ್ನು ಅಂಗಡಿಗೆ ಒಮ್ಮೆ ಸಾಸಿವೆಗೆ, ಒಮ್ಮೆ ಜೀರಿಗೆಗೆ, ಒಮ್ಮೆ ಬೆಲ್ಲಕ್ಕೆ ಓಡಿಸುವ ಹಾಗೆ. ನಾನು ಸೈಟು ಕಟ್ಟುವ ಲಾರಾವೆಲ್‌ನಲ್ಲಿ ಇದಕ್ಕೆ ಒಂದೇ ಮಾತು ಸಾಕು — ವಿತ್. ಬರುವಾಗ ಮನೆಯವರನ್ನೂ ಜೊತೆಗೇ ಕರೆದುಕೊಂಡು ಬಾ, ಅಷ್ಟೇ. ಬರೆದೆ. ಪೇಜು ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಆಕಳು, ಆಕಳ ಪಕ್ಕ ಅದರ ಮನೆ. ಎಷ್ಟು ಚೆಂದ ಕಾಣುತ್ತದೆ! ಸಂಜೆ ಎಲ್ಲವೂ ತಮ್ಮ ತಮ್ಮ ಹಟ್ಟಿ ಸೇರಿದ ಹಾಗೆ.

ಬೀದರ ಬಂತು.

13 ನವೆಂಬರ್, ಗುರುವಾರ

ಔರಾದಿಗೆ ಹೋಗಿ ಬಂದೆ. ಉಳಿದ ಮನೆಗಳ ಮಾಹಿತಿ ತುಂಬಿಸಬೇಕಿತ್ತು. ಸಂಘದ ಕಾರ್ಯದರ್ಶಿ ಶಿವರಾಜಪ್ಪ ಮುಂದೆ, ನಾನು ಹಿಂದೆ. ಅರವತ್ತು ದಾಟಿದ ಮನುಷ್ಯ, ನಡಿಗೆ ಮಾತ್ರ ಬಸ್ಸು ಹಿಡಿಯುವವರದು. ಕಿವಿಯ ಬಿಲ್ಲೆಯ ನಂಬರು, ಬಣ್ಣ, ಯಾರದು — ಫೋನಿನಲ್ಲಿ ಒತ್ತುತ್ತ ಹೋಗುವುದು. ಸಗಣಿ, ಹೊಟ್ಟು, ಬಿಸಿಲು. ಅರ್ಧ ಕನಸಿನಲ್ಲಿದ್ದೆ.

ಕೊನೆಯ ಅಂಗಳ ಇಮಾಮಬೀಯವರದು. ಬೇವಿನ ನೆರಳಲ್ಲಿ ಒಂದು ಆಕಳು. ಬಿಳಿ ಮೈಮೇಲೆ ಕರಿ ಮಚ್ಚೆ, ಜೋತ ಕಿವಿ, ಕಣ್ಣಿನ ಸುತ್ತ ಕಾಡಿಗೆ ಹಚ್ಚಿದಂತೆ ಕಪ್ಪು. ಗಬ್ಬ ಬೇರೆ. ನನ್ನನ್ನು ನೋಡಿ ಉಸಿರು ಬಿಟ್ಟಿತು, ಬೆಚ್ಚಗೆ. ಅಲ್ಲೇ ಕೂತುಬಿಡೋಣ ಅನ್ನಿಸಿತು.

"ಹೆಸರೇನ್ರಿ ಇದರದು?"

"ಚಾಂದನಿ."

"ಯಾರ ಆಕಳರಿ?"

ಇಮಾಮಬೀ ಪಕ್ಕದ ಗಿಡ್ಡ ಗೋಡೆಯತ್ತ ಗದ್ದ ಎತ್ತಿದರು. "ಅನಸಕ್ಕಂದು ಬೇಟಿ. ಆಚಿ ಮನಿ ಅನುಸೂಯಾಬಾಯಿ ಇದ್ದಾಳಲ್ಲ, ಆಕೀದು."

ಒತ್ತಿದೆ: ಮಾಲೀಕರು, ಅನುಸೂಯಾಬಾಯಿ. ಆಚೆ ಮನೆಗೆ ಹೋಗಿ ಕೇಳಲಿಲ್ಲ. ಬಸ್ಸು ಹಾರ್ನ್ ಹೊಡೆಯುತ್ತಿತ್ತು.

21 ನವೆಂಬರ್, ಶುಕ್ರವಾರ

ಸೈಟು ಲೈವ್! ಪ್ರಮಾಣಪತ್ರಗಳು ಪ್ರಿಂಟಾಗಿ ಔರಾದಿಗೆ ಹೋದವು. ಒವೈಸ ಸರ್ ಎಲ್ಲರಿಗೂ ಸಮೋಸ ತರಿಸಿದರು. ಎಲ್ಲರಿಗೂ ಅಂದರೆ ಅವರಿಗೆ ಮತ್ತು ನನಗೆ. ನಮ್ಮ ಆಫೀಸಿನಲ್ಲಿ ಇರುವುದೇ ಇಷ್ಟು ಜನ, ಮಿಕ್ಕಿದ್ದು ಕುರ್ಚಿ.

ಮಧ್ಯಾಹ್ನ ಕುರ್ಚಿಯಲ್ಲೇ ಜೋಂಪು ಹತ್ತಿತ್ತು. ಕೋಟೆಯ ಕಡೆಯಿಂದ ಆಕಳುಗಳು ಸಾಲಾಗಿ ಬರುತ್ತಿದ್ದವು. ಒಂದೊಂದರ ಕೊರಳಿನ ಹಗ್ಗದ ಇನ್ನೊಂದು ತುದಿಗೆ ಒಂದೊಂದು ಮನೆ. ಮನೆಗಳೂ ಮೆಲ್ಲಗೆ ನಡೆದು ಬರುತ್ತಿದ್ದವು, ಬಾಗಿಲು ತೆರೆದುಕೊಂಡು, ಒಳಗೆ ಒಲೆ ಉರಿಯುತ್ತ. ಕೊನೆಯ ಬಿಳಿ ಆಕಳಿಗೆ ಎರಡು ಹಗ್ಗ ಕಂಡ ಹಾಗಿತ್ತು... ಸರ್ ಮೇಜು ಬಡಿದರು. ಎಚ್ಚರವಾಯಿತು.

6 ಡಿಸೆಂಬರ್, ಶನಿವಾರ

ಪರಿನಿರ್ವಾಣ ದಿನ. ಅವ್ವನ ಜೊತೆ ಭಾಲ್ಕಿಯ ವಿಹಾರಕ್ಕೆ ಹೋಗಿ ಮೇಣದಬತ್ತಿ ಹಚ್ಚಿ ಬಂದೆ. ಬಿಳಿ ಸೀರೆಯ ಹೆಂಗಸರು ಸಾಲಾಗಿ ಕೂತಿದ್ದರು. ಮನಸ್ಸು ತಿಳಿಯಾಗಿತ್ತು. ಶಿವರಾಜಪ್ಪ ಫೋನ್ ಮಾಡುವ ತನಕ.

"ಏನ್ ಮಾಡಿಟ್ಟೀರಿ ಮೇಡಮ್ಮೋರ? ನಿಮ್ಮ ಕಾಗದ ಬಂದಾಗಿಂದ ಇಮಾಮಬೀ, ಅನುಸೂಯಾಬಾಯಿ ಮಾತ ಬಿಟ್ಟಾರ."

"ಯಾಕ್ರಿ?"

"ಚಾಂದನಿ ಕಾಗದದಾಗ ಅನುಸೂಯಾಬಾಯಿ ಹೆಸರು ಒಂದೇ ಅದಲ್ಲ! ಆ ಆಕಳ ಇಬ್ಬರದೂ ಪಾಲಿಂದು. ಮೊದಲಿಂದ ಹಂಗೇ ಅದ. ಅನುಸೂಯಾಬಾಯಿ ಮನಿ ತಳಿ, ಸಾಕೋದು ಇಮಾಮಬೀ. ಒಂದ್ ಕರ ಇವರ ಮನಿಗಿ, ಇನ್ನೊಂದು ಅವರ ಮನಿಗಿ. ಈ ಸರ್ತಿ ಪಾಳಿ ಇಮಾಮಬೀದು. ಈಗ ಅನುಸೂಯಾಬಾಯಿ ಮಗ ಸಿದ್ದೇಶ್ವರ, ನಿಮ್ಮ ಭಾಲ್ಕ್ಯಾಗ ಡೇರಿ ಶೆಡ್ ಹಾಕ್ಯಾನ ನೋಡ್ರಿ, ಅಂವ ಆ ಕಾಗದ ಹಿಡಕೊಂಡು ಆಕಳ ಒಯ್ತೇನಿ ಅಂತ ಕುಂತಾನ."

"ಆದ್ರ ಇಮಾಮಬೀನೇ ಹೇಳಿದ್ರಲ್ರಿ, ಅನಸಕ್ಕಂದು ಅಂತ! ನಿಮ್ಮ ಮುಂದೇ ಹೇಳಿದ್ರು."

ಶಿವರಾಜಪ್ಪ ನಕ್ಕರು, ಬೇಸರದ ನಗು. "ನೀವು ಪೇಟಿ ಮಂದಿ. ನಾನೂ ಲಕ್ಷ್ಯ ಕೊಡಲಿಲ್ಲ ಬಿಡ್ರಿ."

ಏನೂ ತಿಳಿಯಲಿಲ್ಲ.

7 ಡಿಸೆಂಬರ್, ಭಾನುವಾರ

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹೇಳಿದೆ. ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಅವ್ವ ಹುಟ್ಟಿ ಬೆಳೆದದ್ದು ಕಮಲನಗರದ ಕಡೆ, ದನಗಳ ನಡುವೆ.

"ಹಾಲು ಕೊಡೋ ಆಕಳಿಗಿ, ಅದೂ ಗಬ್ಬ ಇದ್ದದ್ದಕ್ಕ, ಯಾರರೆ ನಂದು ಅಂತಾರೇನ ಹುಚ್ಚಿ? ದೃಷ್ಟಿ ಆಗ್ತದ. ಯಾರ ಕೇಳಿದ್ರೂ ಮಗ್ಗಲ ಮನಿ ತೋರಸ್ತಾರ. ನಮ್ಮವ್ವ ಹಂಗೇ ಮಾಡ್ತಿದ್ಲು."

"ಮತ್ತ ಖರೇ ಯಾರದು ಅಂತ ಹ್ಯಾಂಗ ಗೊತ್ತಾಗಬೇಕು?"

"ಊರಿಗಿ ಗೊತ್ತಿರ್ತದ. ಕೇಳೋದ್ಯಾಕ?"

ಇದು! ನಾನು ಕೇಳಿದ್ದು ಪ್ರಶ್ನೆ, ಅವರು ಹೇಳಿದ್ದು ಮರ್ಯಾದೆ. ಆ ಮರ್ಯಾದೆಯನ್ನು ನಾನು ಡೇಟಾ ಎಂದು ತುಂಬಿಬಿಟ್ಟೆ. ನಾಚಿಕೆಯಾಯಿತು. ಅಳುವೂ ಬಂತು. ಅವ್ವ ಬಿಸಿ ರೊಟ್ಟಿಗೆ ತುಪ್ಪ ಸವರಿ ಕೈಗಿಟ್ಟಳು, ಇನ್ನೇನೂ ಅನ್ನಲಿಲ್ಲ.

9 ಡಿಸೆಂಬರ್, ಮಂಗಳವಾರ. ಆಫೀಸು

ನನ್ನ ಕೋಡಿನಲ್ಲಿ ಬಿಲಾಂಗ್ಸ್-ಟು ಎಂದು ಬರೆದಿತ್ತು. ಒಂದು ಆಕಳು, ಒಂದು ಮನೆ. ಆಕಳಿನ ಸಾಲಿನಲ್ಲೇ ಮನೆಯ ನಂಬರು. ಎರಡನೇ ಮನೆಗೆ ಅಲ್ಲಿ ಜಾಗವೇ ಇಲ್ಲ. ಇಮಾಮಬೀ ನಿಜ ಹೇಳಿದ್ದರೂ ನಾನು ಎಲ್ಲಿ ಬರೆಯುತ್ತಿದ್ದೆ?

ಇವತ್ತು ಕೂತು ಬದಲಾಯಿಸಿದೆ. ಆಕಳುಗಳ ಟೇಬಲ್ಲು ಆ ಕಡೆ, ಮನೆಗಳ ಟೇಬಲ್ಲು ಈ ಕಡೆ, ನಡುವೆ ಮೂರನೆಯದು. ಅದರಲ್ಲಿ ಇರುವುದು ಬರೀ ಜೋಡಿ: ಈ ಆಕಳು, ಈ ಮನೆ. ಚಾಂದನಿ–ಅನುಸೂಯಾಬಾಯಿ. ಅದರ ಕೆಳಗೆ ಚಾಂದನಿ–ಇಮಾಮಬೀ. ಪಕ್ಕದಲ್ಲಿ ಇನ್ನೊಂದು ಕಾಲಂ ಸೇರಿಸಿದೆ, ಪಾಳಿ: ಮುಂದಿನ ಕರು ಯಾವ ಮನೆಗೆ. ಆಮೇಲೆ ಚಾಂದನಿಯನ್ನು ಕರೆದೆ. ಎರಡೂ ಮನೆಗಳು ಒಟ್ಟಿಗೆ ಬಂದವು! ಪರದೆಯ ಮೇಲೆ ಎರಡು ಹೆಸರು ಅಕ್ಕಪಕ್ಕ ಕೂತದ್ದು ನೋಡಿ ಖುಷಿಯಾಗಿ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದೆ.

ಒವೈಸ ಸರ್ ಖುಷಿಪಡಲಿಲ್ಲ. "ಲೈವ್ ಮಾಡಬ್ಯಾಡ ಪ್ರಣಿತಾ. ಒಮ್ಮಿ ಕಾಗದ ಕೊಟ್ಟಾಗ್ಯದ. ಆ ಇಬ್ಬರೂ ಹೂಂ ಅನ್ನೋ ತನಕ ಒಂದ್ ಅಕ್ಷರ ಮುಟ್ಟಬ್ಯಾಡ. ನಾಳಿ ಇನ್ನೊಬ್ಬಾಂವ ಬಂದು ನನ್ನ ಹೆಸರೂ ಸೇರಸು ಅಂದ್ರ?"

"ತಪ್ಪು ನಮ್ಮದೇ ಅಲ್ರಿ ಸರ್?"

"ಅದಕ್ಕೇ ಹೇಳ್ತೇನಿ. ಎರಡನೇ ಸರ್ತಿ ತಪ್ಪಬ್ಯಾಡ. ಹೋಗಿ ಕೇಳ್ಕೊಂಡು ಬಾ."

ಸರ್ ಮಾತು ಸರಿಯೇ. ಅದಕ್ಕೇ ಸಿಟ್ಟು ಬಂತು.

14 ಡಿಸೆಂಬರ್, ಭಾನುವಾರ. ಔರಾದ ಬಸ್ಸಿನಲ್ಲಿ, ಮರಳುವಾಗ

ಚಳಿ. ಕಿಟಕಿ ಗಾಜು ಬೆವರಿದೆ. ಬೆರಳಿನಿಂದ ಆಕಳು ಬರೆದೆ, ಅಳಿಸಿದೆ.

ಮೊದಲು ಇಮಾಮಬೀ ಮನೆ. ಬಾಗಿಲು ಅರ್ಧ ಮುಚ್ಚಿತ್ತು. ಗಿಡ್ಡ ಗೋಡೆಯ ಮೇಲೆ ತಂತಿ ಕಟ್ಟಿ ಚಾದರ ಒಣ ಹಾಕಿದ್ದರು, ಆಚೆ ಮನೆ ಕಾಣದ ಹಾಗೆ. ಆ ಚಾದರ ಒಣಗಿ ಗರಿಗರಿಯಾಗಿತ್ತು. ತೆಗೆಯುವ ಉದ್ದೇಶ ಇರಲಿಲ್ಲ.

ಎಲ್ಲ ಹೇಳಿದೆ. ನೀವು ಅನಸಕ್ಕಂದು ಅಂದಿರಿ, ನಾನು ಹಾಗೇ ಬರೆದೆ, ಅವರು ಬರೆಸಿದ್ದಲ್ಲ, ತಪ್ಪು ನನ್ನದು, ಕ್ಷಮಿಸಿರಿ.

"ನಾ ಹಂಗೇ ಹೇಳಬೇಕಲ್ಲಾ ಬೇಟಿ? ಬ್ಯಾರೇ ಏನ್ ಹೇಳ್ತಾರ?" ಎಂದರು. ಚಹಾ ಕೊಟ್ಟರು. ಆಮೇಲೆ ಚಾಂದನಿಯ ಬೆನ್ನಿನಿಂದ ಉಣ್ಣಿ ಕೀಳುತ್ತ, ಅದರ ಜೊತೆಗೇ ಮಾತಾಡಿದ ಹಾಗೆ ಹೇಳಿದರು: "ನೀ ಬರದದ್ದಕ್ಕ ನಂಗ ಸಿಟ್ಟಿಲ್ಲ. ಕಾಗದ ಬಂದ ದಿನ ಆಕಿ ಈ ಗೋಡಿಗಿ ಬಂದು, 'ಇಮಾಮಬೀ, ಆಕಳ ನಿಂದೇ' ಅನ್ನಬೇಕಿತ್ತು. ಒಂದ್ ಮಾತು. ಅನ್ನಲಿಲ್ಲ."

"ಹೆಸರು ಸೇರಸಲೇನ್ರಿ?"

"ಆಕಿ ಕೇಳಲಿ."

ಆಚೆ ಮನೆ. ಅನುಸೂಯಾಬಾಯಿ ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ಮೊರ. ನನ್ನನ್ನು ನೋಡಿದ ಕೂಡಲೇ ಕಣ್ಣು ತುಂಬಿಕೊಂಡರು.

"ಕಾಗದ ನಾ ನೋಡೇ ಇಲ್ಲವ್ವ. ಅವತ್ತು ನನ್ನ ಮಗ ಬಂದಿದ್ದ, ಸಂಘಕ್ಕ ಹೋಗಿ ಅಂವನೇ ಇಸಗೊಂಡ. 'ಯವ್ವಾ, ಆಕಳ ನಮ್ದಾತು' ಅಂತ ಓಣಿ ತುಂಬ ಕೇಳೋ ಹಂಗ ಒದರಿದ. ನಾ ಯಾವ ಮಾರಿ ಹೊತ್ಕೊಂಡು ಆಕಿ ಗೋಡಿಗಿ ಹೋಗ್ಲಿ? ನಾಳಿ ಹೋದ್ರಾತು ಅಂದೆ. ಮರುದಿನ ಚಾದರ ಹಾಕಿದ್ಲು."

"ಹೋಗಿ ಹೇಳ್ರಿ ಈಗ."

"ಏನಂತ ಹೇಳ್ಲಿ? ಮಗ ಗುರುವಾರ ಗಾಡಿ ತರ್ತೇನಿ ಅಂದಾನ. ಬರೀ ಮಾತು ಹಿಡಕೊಂಡು ಆಕಿ ಏನ್ ಮಾಡ್ತಾಳ, ಆಕಳ ಹೋದ ಮ್ಯಾಲ?"

"ಇಬ್ಬರ ಹೆಸರೂ ಹಾಕಿದ ಹೊಸಾ ಕಾಗದ ತರ್ತೇನ್ರಿ. ಗುರುವಾರ ನಾನೂ ಬರ್ತೇನಿ." ಯಾಕೆ ಅಷ್ಟು ಧೈರ್ಯದಿಂದ ಅಂದೆನೋ! ಒಂದು ಕಾಗದ ಕೆಡಿಸಿದ್ದನ್ನು ಇನ್ನೊಂದು ಕಾಗದ ಸರಿ ಮಾಡುತ್ತದೆ ಎಂದು ನಂಬಿದ್ದೇನೆ. ನಂಬದೆ ಇನ್ನೇನು ಮಾಡಲಿ.

ಹೊಲಗಳ ಮೇಲೆ ಹೊಗೆಯಂಥ ಬೆಳಕು. ಇಬ್ಬರು ಹೆಂಗಸರು ಒಂದೇ ಬೇವಿನ ನೆರಳಲ್ಲಿ ಕೂತು ಹಾಲಿಗೆ ಹೆಪ್ಪು ಹಾಕುವುದು ಕಣ್ಣಿಗೆ ಕಟ್ಟುತ್ತದೆ. ನೋಡಿಯೇ ಇಲ್ಲ ನಾನು ಅದನ್ನು. ಹೆದರಿಕೆಯಾಗುತ್ತಿದೆ.

16 ಡಿಸೆಂಬರ್, ಮಂಗಳವಾರ

ಹೊಸ ಪ್ರಮಾಣಪತ್ರ ಪ್ರಿಂಟ್ ತೆಗೆದೆ. ಎರಡು ಹೆಸರು. ಲೈವ್ ಮಾಡಿಲ್ಲ. ಬಟನ್ ಮೇಲೆ ಬೆರಳಿಟ್ಟು ಸುಮ್ಮನೆ ಕೂತಿದ್ದೆ.

18 ಡಿಸೆಂಬರ್, ಗುರುವಾರ. ಔರಾದ ಬಸ್ ಸ್ಟ್ಯಾಂಡು, ಮಧ್ಯಾಹ್ನ

ಬಸ್ಸು ಬರುವ ತನಕ ಬರೆಯುತ್ತೇನೆ. ಕಣ್ಣು ಇನ್ನೂ ಉರಿಯುತ್ತಿದೆ.

ನಾನು ಮುಟ್ಟುವಷ್ಟರಲ್ಲಿ ಪಿಕಪ್ ಗಾಡಿ ಇಮಾಮಬೀ ಅಂಗಳದ ಬಾಯಿಗೆ ಹಿಂಬದಿ ಮಾಡಿ ನಿಂತಿತ್ತು. ಒಳಗೆ ಮೆತ್ತಗೆ ಹುಲ್ಲು ಹಾಸಿದ್ದರು. ಸಿದ್ದೇಶ್ವರ ನಾನಂದುಕೊಂಡ ಹಾಗೆ ರಾಕ್ಷಸನೇನಲ್ಲ. ನಗುಮುಖ, ನನ್ನಷ್ಟೇ ವಯಸ್ಸಿನ ಹೆಂಡತಿ ಇದ್ದಾಳಂತೆ. ಕೈಯಲ್ಲಿ ನಮ್ಮ ಹಳೇ ಪ್ರಮಾಣಪತ್ರ. ಲ್ಯಾಮಿನೇಷನ್ ಮಾಡಿಸಿದ್ದ! ಶಿವರಾಜಪ್ಪ ಬೇವಿನ ಬುಡದಲ್ಲಿ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಓಣಿಯ ಮಂದಿ ಬಾಗಿಲುಗಳಲ್ಲಿ. ಇಮಾಮಬೀ ಚಾಂದನಿಯ ಮುಂದೆ ಹುಲ್ಲು ಸರಿಸುತ್ತಿದ್ದರು, ಬೇರೆ ಯಾರೂ ಅಲ್ಲಿ ಇಲ್ಲವೇನೋ ಎಂಬಂತೆ.

ಹೊಸ ಕಾಗದ ತೋರಿಸಿದೆ. ಸಿದ್ದೇಶ್ವರ ಸಮಾಧಾನದಿಂದ ಪೂರ್ತಿ ಓದಿದ.

"ಛಲೋ ಆತಲ್ರಿ ಮೇಡಂ. ನಾ ಯಾರ ಪಾಲೂ ನುಂಗಾಂವಲ್ಲ. ಇಬ್ಬರದು ಅಂದ್ರ ಅರ್ಧ ನಮ್ದು. ಅರ್ಧ ಆಕಳ ಇಲ್ಲಿ, ಅರ್ಧ ಭಾಲ್ಕ್ಯಾಗ ಕಟ್ಟಾಕ ಬರ್ತದೇನ್ರಿ? ಇಮಾಮಬೀ ಪಾಲಿಂದು ಏನಾಗ್ತದ ಪಂಚರು ಹೇಳ್ಲಿ, ಕೊಟ್ಟೇ ಒಯ್ತೇನಿ. ಇಲ್ಲಿ ಒಬ್ಬಾಕಿ ಮುದುಕಿ ಎಷ್ಟಂತ ಸಾಕ್ತಾಳ?"

ಎರಡು ಹೆಸರು ಬಂದರೆ ಆಕಳು ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ಎರಡು ಹೆಸರು ಎಂದರೆ ಹಂಚಿಕೊಳ್ಳುವುದು ಎಂದು ಅವನ ಲೆಕ್ಕ. ಶಿವರಾಜಪ್ಪ ಕೂಡ ತಲೆಯಾಡಿಸಿದರು, "ಅಂವ ಹೇಳೋದು ನ್ಯಾಯ ಅದ" ಎಂದು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಚಾದರದ ಆಚೆಯಿಂದ ಅನುಸೂಯಾಬಾಯಿಯ ದನಿ.

"ಪ್ರಣಿತಾ, ಆ ಹೊಸಾ ಕಾಗದ ನಡದದೇನು ಈಗ?"

"ಇಲ್ರಿ. ನೀವು ಇಬ್ಬರೂ ಹೂಂ ಅಂದ ಮ್ಯಾಲ."

"ಹಂಗಾರ ಇವತ್ತಿನ ತನಕ ಕಂಪ್ಯೂಟರ್‌ದಾಗ ಯಾರ ಹೆಸರದ?"

"ನಿಮ್ಮದೊಂದೇ ಅದರಿ."

"ಹೊಸಾದು ಚೀಲದಾಗ ಇಡು."

ಮಗನ ಕಡೆ ವಾಲಿಬಿಟ್ಟರು ಅಂದುಕೊಂಡೆ. ಇಮಾಮಬೀ ಹುಲ್ಲು ಸರಿಸುವುದನ್ನು ನಿಲ್ಲಿಸಿದರು. ಅವರ ಮುಖ ನೋಡಲಾರದೆ ಕಾಗದ ಮಡಚಿ ಒಳಗಿಟ್ಟೆ.

ಅನುಸೂಯಾಬಾಯಿ ಗೋಡೆ ಸುತ್ತಿ, ಗಾಡಿಯ ಪಕ್ಕದಿಂದ ಹಾಯ್ದು, ಅಂಗಳಕ್ಕೆ ಬಂದರು. ತಲೆ ಮೇಲೆ ಸೆರಗು. ನೇರ ಚಾಂದನಿಯ ಹತ್ತಿರ ಹೋಗಿ ಅದರ ಡುಬ್ಬದ ಮೇಲೆ ಕೈಯಿಟ್ಟರು. ಓಣಿಯ ಕಡೆ ತಿರುಗಿದರು. ಆಮೇಲೆ ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಈ ಆಕಳ ನಂದದ."

ಬಾಗಿಲಲ್ಲಿದ್ದ ಹೆಂಗಸೊಬ್ಬಳು "ಅಯ್ಯಯ್ಯ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಗಬ್ಬದ ಆಕಳಿನ ಮೈ ಮುಟ್ಟಿಕೊಂಡು, ಊರ ಮುಂದೆ, ನಂದು ಅಂದದ್ದು! ಶಿವರಾಜಪ್ಪ ಎದ್ದು ನಿಂತರು. ಸಿದ್ದೇಶ್ವರನ ಮುಖ ಅರಳಿತು. ಬಗ್ಗಿ ಗೂಟದ ಹಗ್ಗಕ್ಕೆ ಕೈ ಹಾಕಿದ.

"ಹಗ್ಗ ಬಿಡು."

"ಯವ್ವಾ?"

"ನಂದದ ಅಂದೆ. ನಿಂದದ ಅಂದೆನೇನು? ಕಾಗದದಾಗ ನನ್ನ ಹೆಸರು ಒಂದೇ ಅದ. ನೀನೇ ಪ್ಲಾಸ್ಟಿಕ್ ಹಾಕ್ಸಿ ತಂದಿ. ಅಂದ ಮ್ಯಾಲ ನಾ ಹೇಳಿದಲ್ಲಿ ಇರ್ತದ. ನನ್ನ ಆಕಳ ಇಮಾಮಬೀ ಅಂಗಳದಾಗ ಇರ್ತದ. ಈ ಸರ್ತಿ ಕರ ಆಕೀದು. ಪಂಚರನ್ನ ಕೇಳಾಕ ನನಗ ಯಾವ ಪಾಲುದಾರರೂ ಇಲ್ಲ."

ಸಿದ್ದೇಶ್ವರ ಕೈಯಲ್ಲಿದ್ದ ಪ್ರಮಾಣಪತ್ರ ನೋಡಿದ, ತಾಯಿಯನ್ನು ನೋಡಿದ. ಬೈಯುತ್ತಾನೆ ಅಂದುಕೊಂಡೆ. ಕಿವಿ ಕೆಂಪಾಯಿತು, ಅಷ್ಟೇ. "ಗಾಡಿ ಬಾಡಿಗಿ ದಂಡ ಮಾಡಿದ್ಯಲ್ಲ ಯವ್ವಾ" ಎಂದು ಹಗ್ಗ ಬಿಟ್ಟು ನಿಂತ.

ನಾನು ಬರೆದ ತಪ್ಪು ಸಾಲು. ಅದೇ ಒಂದು ಹೆಸರು. ಅದನ್ನೇ ಹಿಡಿದುಕೊಂಡು ನಿಂತರಲ್ಲ! ನಾನು ಅದನ್ನು ಮಂಗಳವಾರವೇ ತಿದ್ದಿಬಿಟ್ಟಿದ್ದರೆ... ಇವತ್ತು ಚಾಂದನಿ ಗಾಡಿ ಹತ್ತಿರುತ್ತಿತ್ತು.

ಇಮಾಮಬೀ ಅಲ್ಲಿ ಇರಲಿಲ್ಲ. ಒಳಗೆ ಓಡಿದ್ದರು. ಹೊರಗೆ ಬಂದಾಗ ಒಂದು ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ, ಇನ್ನೊಂದು ಕೈಯಲ್ಲಿ ಕೆಂಡದ ಬೋಗುಣಿ. ಬಯ್ಯುತ್ತಲೇ ಬಂದರು.

"ಬಾಯಿ ಬಿಟ್ಟು ನಂದು ಅಂದುಬಿಟ್ಲು! ಬಸರಿ ಆಕಳ ಮ್ಯಾಲ ಕೈಯಿಟ್ಟು! ಈ ವಯಸ್ಸಿಗಿ ಅಕಲ್ ಅದೇನು ಈಕಿಗಿ? ಯಾ ಅಲ್ಲಾ!"

ಚಾಂದನಿಯ ತಲೆಯಿಂದ ಬಾಲದ ತನಕ ದೃಷ್ಟಿ ಇಳಿಸಿದರು. ಆಮೇಲೆ ಅದೇ ಮುಷ್ಟಿಯನ್ನು ಅನುಸೂಯಾಬಾಯಿಯ ತಲೆಯಿಂದ ಪಾದದ ತನಕ. ಬೋಗುಣಿ ಕೆಳಗಿಟ್ಟು, ತೋಳು ಹಿಡಿದು ನಿಲ್ಲಿಸಿಕೊಂಡು. ಅನುಸೂಯಾಬಾಯಿ ಕಣ್ಣು ಮುಚ್ಚಿ ನಿಂತಿದ್ದರು, ಮಕ್ಕಳ ಹಾಗೆ. ಇಮಾಮಬೀ ಎಲ್ಲವನ್ನೂ ಕೆಂಡಕ್ಕೆ ಸುರಿದರು.

ಏನು ಹೊಗೆ! ಸಿದ್ದೇಶ್ವರ ಕೆಮ್ಮಿ ಕೆಮ್ಮಿ ಗಾಡಿಯ ಹಿಂದೆ ಓಡಿದ. ಡ್ರೈವರ್ ಗಾಜು ಏರಿಸಿದ. ಶಿವರಾಜಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ನನಗೆ ಉಸಿರೇ ಕಟ್ಟಿತು. ಘಾಟು ಬಾರದಿದ್ದರೆ ದೃಷ್ಟಿ ಇನ್ನೂ ಹೋಗಿಲ್ಲ ಎಂದು ಲೆಕ್ಕವಂತೆ, ಆಗ ಮತ್ತೊಮ್ಮೆ ಇಳಿಸಬೇಕು. ಇಮಾಮಬೀ ಆ ಹೊಗೆಯ ನಡುವೆ, ಕಣ್ಣಿಂದ ಧಾರೆ ಸುರಿಯುತ್ತಿರುವಾಗ, ಮೂಗು ಎಳೆದು ನೋಡಿ ಹೇಳಿದರು:

"ಘಾಟು ಬರವಲ್ದು."

"ಖರೇ ಅದ, ಬರವಲ್ದು," ಎಂದರು ಅನುಸೂಯಾಬಾಯಿ. ಮಾತೆಲ್ಲ ಕೆಮ್ಮಿನಲ್ಲಿ ಕೊಚ್ಚಿ ಹೋಯಿತು. "ಇನ್ನೊಮ್ಮಿ ಇಳಸು."

ಇಳಿಸಿದರು. ತೋಳು ಬಿಡಲಿಲ್ಲ. ಮೂರನೇ ಸಲಕ್ಕೆ ಮೆಣಸಿನಕಾಯಿ ಸಾಲಲಿಲ್ಲ. ಅನುಸೂಯಾಬಾಯಿ ತಮ್ಮ ಮನೆಯಿಂದ ತರಲು ಹೊರಟರು, ಸುತ್ತಿ ಹೋಗದೆ ನೇರ ಗಿಡ್ಡ ಗೋಡೆಗೇ ನಡೆದರು, ಅಲ್ಲಿ ಆ ಚಾದರ ಅಡ್ಡ ಬಂತು. ಒಂದು ಕ್ಷಣ ಅದನ್ನು ನೋಡುತ್ತ ನಿಂತರು. ಹಿಂದಿನಿಂದ ಇಮಾಮಬೀ ಒದರಿದರು, "ಅದನ್ಯಾಕ ನೋಡ್ತಿ ಅಕ್ಕಾ? ಕಿತ್ತು ಹಾಕು!" ಅನುಸೂಯಾಬಾಯಿ ಚಾದರ ಎಳೆದು ಹೆಗಲ ಮೇಲೆ ಹಾಕಿಕೊಂಡು, ಗೋಡೆ ದಾಟಿ ಮೆಣಸಿನಕಾಯಿ ತರಲು ಹೋದರು.